ಕಳೆದ ಪುಸ್ತಕದ ಬೆಲೆ

ಮನೆಯ ಪುಸ್ತಕವು ಕಳೆದುಹೋದರೆ ನಷ್ಟವು ಯಾರದೆಂದು ಯಾರೂ ಕೇಳಬೇಕಾಗಿಲ್ಲ. ಕೊಂಡವನು ನಾಲ್ಕು ದಿನ ಹುಡುಕುತ್ತಾನೆ, ಮನೆಯವರ ಮೇಲೆ ರೇಗುತ್ತಾನೆ, ಎರವಲು ಒಯ್ದಿರಬಹುದಾದ ಸ್ನೇಹಿತರನ್ನು ಮನಸ್ಸಿನಲ್ಲಿಯೇ ಒಬ್ಬೊಬ್ಬರನ್ನಾಗಿ ವಿಚಾರಣೆಗೆ ನಿಲ್ಲಿಸುತ್ತಾನೆ, ಕೊನೆಗೆ ಸುಮ್ಮನಾಗುತ್ತಾನೆ. ಆದರೆ ಊರಿಗೆಲ್ಲ ಸೇರಿದ ಪುಸ್ತಕವೊಂದು ಕಾಣದಾದಾಗ ಆ ನಷ್ಟವನ್ನು ಹೊರತಕ್ಕವರು ಯಾರು? ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಮೇರೆಗೆ ಮನೆಗಂದಾಯದೊಡನೆ ಗ್ರಂಥಾಲಯದ ಕರವನ್ನೂ ತೆರುತ್ತಿದ್ದೇವೆ. ಆದುದರಿಂದ ಸಾರ್ವಜನಿಕ ಗ್ರಂಥಾಲಯದ ಪ್ರತಿಯೊಂದು ಪುಸ್ತಕದಲ್ಲಿಯೂ ನಮಗೆ ಒಂದು ಅಕ್ಷರದಷ್ಟಾದರೂ ಒಡೆತನವುಂಟು. ಒಡೆತನವುಂಟಾದರೆ ನಷ್ಟದಲ್ಲಿಯೂ ಪಾಲು ಇರಬೇಕಷ್ಟೆ. ಈ ಮಾತು ಮೇಲುನೋಟಕ್ಕೆ ಗುಮಾಸ್ತರ ಲೆಕ್ಕಾಚಾರದಂತೆ ತೋರುತ್ತದೆ. ನನಗೂ ಬಹುಕಾಲ ಹಾಗೆಯೇ ತೋರುತ್ತಿತ್ತು. ಅದು ಧರ್ಮಾಧರ್ಮಗಳ ಪ್ರಶ್ನೆಯೆಂದು ಮನವರಿಕೆಯಾದುದು, ಒಂದು ಸಂಜೆ ಸಭೆಯೊಂದರಲ್ಲಿ ನಾನು ಬಾಯಿ ಮುಚ್ಚಿಕೊಂಡು ಕುಳಿತ ಮೇಲೆ. ಆ ಸಂಗತಿಯನ್ನು ಮುಂದೆ ಹೇಳುವೆನು. ಅದಕ್ಕೆ ಮೊದಲು ಗ್ರಂಥಾಲಯದಲ್ಲಿ ದಿನದಿನವೂ ನಡೆಯುವ ಕೆಲಸವೇನೆಂಬುದನ್ನು ಸ್ವಲ್ಪ ನೋಡಬೇಕು. ಏಕೆಂದರೆ ಈ ಪ್ರಶ್ನೆಯು ಹುಟ್ಟುವುದು ಆ ಕೆಲಸದ ಮಧ್ಯದಲ್ಲಿಯೇ.

ಗ್ರಂಥಪಾಲಕನೆಂದರೆ ಫ್ಯಾನಿನ ಕೆಳಗೆ ಕುಳಿತು ದಿನವಿಡೀ ಓದುವ ಪುಣ್ಯವಂತನೆಂದು ವಿದ್ಯಾವಂತರ ಮನೆಗಳಲ್ಲಿ ಕೂಡ ಒಂದು ಭಾವನೆಯುಂಟು. ವಾಸ್ತವದಲ್ಲಿ ಆತನಿಗೆ ಓದಲು ಹೊತ್ತು ಸಿಕ್ಕುವುದೇ ದುರ್ಲಭ. ಬೆಳಗ್ಗೆ ಬಾಗಿಲು ತೆರೆದೊಡನೆ ನಿನ್ನೆಯ ಪತ್ರಿಕೆಗಳನ್ನು ತೆಗೆದು ಕಟ್ಟಿಡಬೇಕು, ಇಂದಿನವುಗಳಿಗೆ ಮುದ್ರೆಯೊತ್ತಿ ಮೇಜಿನ ಮೇಲೆ ಹರಡಬೇಕು. ಅಷ್ಟರಲ್ಲಿಯೇ ನಿವೃತ್ತರಾದ ಹಿರಿಯರು ನಾಲ್ಕಾರು ಮಂದಿ ಮೆಟ್ಟಿಲ ಮೇಲೆ ನಿಂತು ಗಡಿಯಾರ ನೋಡುತ್ತಿರುತ್ತಾರೆ. ಹೊಸ ಪುಸ್ತಕಗಳ ಕಟ್ಟು ಬಂದರೆ ಒಂದೊಂದಕ್ಕೂ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ, ಗ್ರಂಥಕರ್ತನ ಹೆಸರು, ಬೆಲೆ, ಅಂಗಡಿಯ ಬಿಲ್ಲಿನ ನಂಬರು ಇವನ್ನು ಬರೆಯಬೇಕು; ಮುಖಪುಟದಲ್ಲಿ ಒಂದು ಮುದ್ರೆ, ಒಳಗೆ ಓದುಗರಿಗೆ ಗೊತ್ತಾಗದ ಒಂದು ನಿಯತ ಪುಟದಲ್ಲಿ ಇನ್ನೊಂದು ಮುದ್ರೆ ಒತ್ತಬೇಕು; ಹಿಂದಿರುಗಿಸತಕ್ಕ ದಿನಾಂಕದ ಚೀಟಿಯನ್ನು ಅಂಟಿಸಬೇಕು; ಬೆನ್ನಿನ ಮೇಲೆ ವರ್ಗದ ಸಂಖ್ಯೆಯನ್ನು ಬರೆಯಬೇಕು. ಓದಿ ತಂದ ಪುಸ್ತಕದ ಹಾಳೆ ಹರಿದಿದೆಯೇ, ಚಿತ್ರವನ್ನು ಕತ್ತರಿಸಿದ್ದಾರೆಯೇ ಎಂದು ತಿರುವಿ ನೋಡಿ, ಅದನ್ನು ಅದರ ಸ್ಥಾನದಲ್ಲಿಯೇ ಇಡಬೇಕು. ಈ ಕಡೆಯ ಕೆಲಸವು ಹೊರಗಿನವರಿಗೆ ಅಲ್ಪವಾಗಿ ಕಾಣುತ್ತದೆ. ಆದರೆ ಹತ್ತು ಸಾವಿರ ಪುಸ್ತಕಗಳ ನಡುವೆ ಒಂದನ್ನು ತಪ್ಪು ಸಾಲಿನಲ್ಲಿ ಇಟ್ಟರೆ ಅದು ಕಳವಾದುದಕ್ಕೆ ಸಮಾನವೇ. ಕಟ್ಟಡದ ಒಳಗೇ ಇರುತ್ತದೆ, ಯಾರಿಗೂ ಸಿಕ್ಕುವುದಿಲ್ಲ. ಇವುಗಳ ಮೇಲೆ ಗೆದ್ದಲಿನ ಕಾಟ, ಮಳೆಗಾಲದ ಸೋರಿಕೆ, ಗಡುವು ಮೀರಿದವರಿಗೆ ಜ್ಞಾಪನೆ. ಸಣ್ಣ ಊರುಗಳಲ್ಲಿ ಕಸ ಗುಡಿಸುವವರೂ ಬೀಗ ಹಾಕುವವರೂ ಇದೇ ಒಬ್ಬರು.

ಹೊತ್ತು ಹೊತ್ತಿಗೆ ಬರುವ ಜನರೂ ಬೇರೆ ಬೇರೆ. ಹಿರಿಯರು ಪತ್ರಿಕೆ ಮುಗಿಸಿ ಏಳುವ ಮೊದಲೇ ಸ್ಪರ್ಧಾಪರೀಕ್ಷೆಗೆ ಓದುವ ತರುಣ ತರುಣಿಯರು ಬಂದು ಸ್ಥಳ ಹಿಡಿಯುತ್ತಾರೆ. ಇವರು ಗ್ರಂಥಾಲಯದ ಪುಸ್ತಕಕ್ಕಿಂತ ಹೆಚ್ಚಾಗಿ ಅದರ ಮೇಜನ್ನೂ ದೀಪವನ್ನೂ ಬಳಸುವವರು. ಇಂಥವರಿಂದ ಸಾಹಿತ್ಯಕ್ಕೇನು ಬಂತು ಎಂದು ಕೇಳುವವರನ್ನು ಕಂಡಿದ್ದೇನೆ. ಒಂದೇ ಕೋಣೆಯ ಮನೆಯಲ್ಲಿ ಐದಾರು ಜನರೊಡನೆ ಬಾಳುವ ಹುಡುಗನಿಗೆ ಸದ್ದಿಲ್ಲದ ಒಂದು ಮೇಜು ಎಷ್ಟು ದೊಡ್ಡ ಸಂಪತ್ತೆಂಬುದು ಅವರಿಗೆ ತಿಳಿಯದು. ಮಧ್ಯಾಹ್ನ ಮನೆಗೆಲಸ ಮುಗಿಸಿ ಕಾದಂಬರಿ ಬದಲಾಯಿಸಲು ಬರುವ ಗೃಹಿಣಿಯರು. ಶಾಲೆ ಬಿಟ್ಟ ಮೇಲೆ ಮಕ್ಕಳು. ನಡುನಡುವೆ ಓದಲು ಬಾರದವರೂ ಬರುತ್ತಾರೆ: ಪಿಂಚಣಿಯ ಅರ್ಜಿಯನ್ನು ತುಂಬಿಸಿಕೊಳ್ಳುವುದಕ್ಕೆ, ಬ್ಯಾಂಕಿನಿಂದ ಬಂದ ಕಾಗದದಲ್ಲಿ ಏನಿದೆಯೆಂದು ಕೇಳುವುದಕ್ಕೆ. ಶನಿವಾರ ಮಕ್ಕಳಿಗೆ ಕಥೆ ಹೇಳುವುದು, ನವೆಂಬರು 14ರಿಂದ ಗ್ರಂಥಾಲಯ ಸಪ್ತಾಹ, ಭಾಷಣ, ಬಹುಮಾನ, ಹಾರ ತುರಾಯಿ. ಕಡೆಯದರ ವಿಷಯವಾಗಿ ನಾನು ಹೆಚ್ಚು ಹೇಳಲಾರೆ. ಮುಂದೆ ತಿಳಿಯುವಂತೆ ನನಗೂ ಅದರಲ್ಲಿ ಪಾಲುಂಟು.

ಇಷ್ಟು ಬಗೆಯ ಕೆಲಸಗಳ ಒಳಗೆಲ್ಲ ಒಂದೇ ಒಂದು ನಿರ್ಧಾರವು ದಿನಕ್ಕೆ ನೂರು ಸಲ ಅಡಗಿರುತ್ತದೆ: ಎದುರಿಗೆ ನಿಂತವರನ್ನು ನಂಬಬೇಕೆ, ಬೇಡವೆ? ಕಪಾಟಿಗೆ ಬೀಗ ಹಾಕಿಟ್ಟು, ಓದುಗನು ಚೀಟಿಯಲ್ಲಿ ಹೆಸರು ಬರೆದುಕೊಟ್ಟರೆ ತೆಗೆದುಕೊಡುವುದು ಒಂದು ಪದ್ಧತಿ. ಓದುಗನನ್ನೇ ಸಾಲುಗಳ ನಡುವೆ ಬಿಟ್ಟುಬಿಡುವುದು ಇನ್ನೊಂದು. ಮೊದಲನೆಯದರಲ್ಲಿ ಪುಸ್ತಕವು ಕ್ಷೇಮ. ತನಗೆ ಬೇಕಾದುದರ ಹೆಸರನ್ನು ಬಲ್ಲವನಿಗೆ, ಎಂದರೆ ನಿಮ್ಮಂಥ ನಮ್ಮಂಥವರಿಗೆ, ಅದರಿಂದ ಅಂಥ ತೊಂದರೆಯೂ ಇಲ್ಲ. ತೊಂದರೆಯಾಗುವುದು ಹೆಸರನ್ನು ಬಲ್ಲದವನಿಗೆ. ಮನೆಯಲ್ಲಿ ಪುಸ್ತಕವೇ ಇಲ್ಲದೆ ಬೆಳೆದ ಹುಡುಗಿಯು ಚೀಟಿಯ ಮೇಲೆ ಏನೆಂದು ಬರೆದಾಳು? ಆಕೆ ನಾಲ್ಕು ಪುಸ್ತಕ ತೆರೆದು, ಮುಚ್ಚಿ, ಐದನೆಯದರಲ್ಲಿ ಒಂದು ಚಿತ್ರವನ್ನೋ ಒಂದು ವಾಕ್ಯವನ್ನೋ ಕಂಡು ನಿಲ್ಲಬೇಕು. ಬೀಗವು ತಡೆಯುವುದು ಕಳ್ಳನೊಬ್ಬನನ್ನೇ ಅಲ್ಲ. ಆಕೆಯನ್ನೂ ತಡೆಯುತ್ತದೆ, ತಡೆದೆನೆಂಬುದು ಯಾವ ರಿಜಿಸ್ಟರಿನಲ್ಲಿಯೂ ದಾಖಲಾಗುವುದಿಲ್ಲ.

ನಂಬಿಕೆಯ ಈ ವಿವಾದವು ಪುಸ್ತಕದಷ್ಟೇ ಹಳೆಯದು. ಇಂಗ್ಲೆಂಡಿನ ಹೆರಿಫರ್ಡ್ ನಗರದ ದೊಡ್ಡ ಇಗರ್ಜಿಯ ಗ್ರಂಥಭಂಡಾರದಲ್ಲಿ ಪುಸ್ತಕಗಳನ್ನು ಸರಪಳಿಗಳಿಂದ ಕಪಾಟಿಗೆ ಬಿಗಿದಿರುವುದನ್ನು ಇಂದಿಗೂ ನೋಡಬಹುದು. ಸರಪಳಿಯನ್ನು ರಟ್ಟಿನ ಮುಂದಣ ಅಂಚಿಗೆ ಸೇರಿಸಿರುವುದರಿಂದ ಅಲ್ಲಿ ಪುಸ್ತಕದ ಬೆನ್ನು ಒಳಗೆ, ಹಾಳೆಗಳ ಅಂಚು ಹೊರಗೆ. ಮುಂದೆ 1850ರ ಕಾಯಿದೆಯಿಂದ ಆ ದೇಶದ ಊರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಹುಟ್ಟಿದಾಗ ಸರಪಳಿ ಹೋಯಿತು, ಅಡ್ಡಕಟ್ಟೆ ಬಂದಿತು. ಕಟ್ಟೆಯ ಈಚೆಗೆ ಜನ, ಆಚೆಗೆ ಪುಸ್ತಕ, ನಡುವೆ ಒಂದು ದೊಡ್ಡ ಹಲಗೆ. ಹಲಗೆಯ ತುಂಬ ಸಣ್ಣ ಸಣ್ಣ ಗೂಡುಗಳು, ಗೂಡಿಗೊಂದು ಸಂಖ್ಯೆ. ಒಂದು ಬಣ್ಣ ಕಂಡರೆ ಪುಸ್ತಕವು ಒಳಗಿದೆ, ಇನ್ನೊಂದು ಬಣ್ಣ ಕಂಡರೆ ಹೊರಗೆ ಹೋಗಿದೆ. ಓದುಗನು ಪುಸ್ತಕವನ್ನು ನೋಡುತ್ತಿರಲಿಲ್ಲ, ಅದರ ಅಂಕಿಯನ್ನು ನೋಡುತ್ತಿದ್ದನು. 1894ರಲ್ಲಿ ಲಂಡನ್ನಿನ ಕ್ಲರ್ಕೆನ್‌ವೆಲ್ ಬಡಾವಣೆಯ ಗ್ರಂಥಪಾಲಕ ಜೇಮ್ಸ್ ಡಫ್ ಬ್ರೌನ್ ಎಂಬಾತನು ಜನರನ್ನು ಕಪಾಟಿನವರೆಗೆ ಬಿಟ್ಟನು. ಇದರಿಂದ ಆತನ ಸಹೋದ್ಯೋಗಿಗಳಲ್ಲಿಯೇ ದೊಡ್ಡ ಕೋಲಾಹಲವೆದ್ದಿತು. ಪುಸ್ತಕಗಳು ಕಳುವಾಗುವುವು, ಸಾಲುಗಳು ಕಲಸಿಹೋಗುವುವು ಎಂದು ವರ್ಷಗಟ್ಟಲೆ ವಾದ ನಡೆಯಿತು. ಬ್ರೌನನು ಕಣ್ಣು ಮುಚ್ಚಿ ನಂಬಿದವನೇನೂ ಅಲ್ಲ. ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ಮೇಜಿನ ಪಕ್ಕದಲ್ಲಿಯೇ ಕಿರುಬಾಗಿಲುಗಳನ್ನು ಇರಿಸಿದ್ದನು. ಅವನ ನಂಬಿಕೆಗೆ ಬಾಗಿಲಿತ್ತು, ಬೀಗವಿರಲಿಲ್ಲ.

ನಮ್ಮ ದೇಶದಲ್ಲಿ ಈ ವಿಚಾರಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟವರು ಶಿಯಾಳಿಯ ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಇವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು, ಕಪಾಟುಗಳನ್ನು ಓದುಗರಿಗೆ ತೆರೆದರು, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಗ್ರಂಥರೂಪದಲ್ಲಿ ಹೊರತಂದರು. ಪುಸ್ತಕಗಳಿರುವುದು ಬಳಸುವುದಕ್ಕಾಗಿ ಎಂಬುದು ಮೊದಲನೆಯ ಸೂತ್ರದ ಸಾರ. ಇದನ್ನು ಹೇಳುವುದಕ್ಕೆ ಒಬ್ಬ ಗಣಿತಜ್ಞರು ಬೇಕಾಯಿತೆ ಎಂದು ನಗಬಹುದು. ನಮ್ಮ ಊರುಗಳ ಗಾಜಿನ ಬೀರುಗಳ ಮುಂದೆ ಒಂದು ಗಳಿಗೆ ನಿಂತು ನೋಡಿದವರು ನಗಲಾರರು. ರಂಗನಾಥನ್‌ರವರು ಬಾಳಿನ ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ಈ ಶಾಸ್ತ್ರದ ಸಂಶೋಧನೆಗೂ ತರಬೇತಿಗೂ ಕೇಂದ್ರವೊಂದನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು.

ಬೀಗದ ಪಕ್ಷವನ್ನು ವಹಿಸುವವರಿಗೆ ನಮ್ಮ ಸಂಪ್ರದಾಯದಲ್ಲಿ ಆಧಾರಗಳು ಇಲ್ಲದೆ ಇಲ್ಲ. ಪುಸ್ತಕವೂ ಹಣವೂ ಪರರ ಕೈಸೇರಿದರೆ ಹೋದುವೆಂದೇ ತಿಳಿಯತಕ್ಕದ್ದೆಂದು ಸುಭಾಷಿತಕಾರನು ಎಚ್ಚರಿಸಿದ್ದಾನೆ. ಆತನು ಅವೆರಡರ ಜೊತೆಗೆ ಸೇರಿಸಿರುವ ಮೂರನೆಯದನ್ನು ಇಲ್ಲಿ ಹೇಳದಿರುವುದೇ ಲೇಸು. ಓಲೆಗರಿಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ, ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲವಾದ ಕಟ್ಟಿನಿಂದ ಕಾಪಾಡಿ, ಮೂರ್ಖನ ಕೈಗೆ ಮಾತ್ರ ಕೊಡಬೇಡಿ ಎಂದು ಬೇಡಿಕೊಳ್ಳುವ ವಾಡಿಕೆಯಿತ್ತು. ಬೆನ್ನು ಬಗ್ಗಿಸಿ ಕಂಠದಿಂದ ಬರೆದವನ ಕಷ್ಟವನ್ನು ನೆನೆದರೆ ಆ ಬೇಡಿಕೆಯು ನ್ಯಾಯವಾದುದೇ. ಆದರೆ ಅದೇ ನಾಡಿನಲ್ಲಿ ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ 1,000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಪ್ರಸಿದ್ಧಿಯೂ ಉಂಟು. ಶಾಸ್ತ್ರದಾನವನ್ನು ಆಹಾರ, ಔಷಧ, ಅಭಯಗಳ ದಾನದೊಡನೆ ಎಣಿಸಿದ ಜೈನ ಧರ್ಮದ ದೃಷ್ಟಿಯಿದು. ಕೊಟ್ಟುದು ಯಾರ ಕೈಯಲ್ಲಿ ಏನಾಯಿತೆಂದು ಆಕೆ ಲೆಕ್ಕ ತೆಗೆಯಿಸಿದಂತೆ ಕಾಣೆವು.

ಎರಡು ಪಕ್ಷಗಳೂ ಒಂದೇ ಕಡೆ ಸಂಧಿಸಿದ ಉದಾಹರಣೆ ಮೂಡುಬಿದಿರೆಯದು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಯೋಲೆಯ ಪ್ರತಿಗಳು ಶತಮಾನಗಳ ಕಾಲ ಅಲ್ಲಿಯ ಬಸದಿಯಲ್ಲಿ ಮಾತ್ರವೇ ಉಳಿದುಕೊಂಡವು. ದೂರದಿಂದ ಬಂದ ಯಾತ್ರಿಕರಿಗೆ ಅವುಗಳ ದರ್ಶನವಿತ್ತು, ಓದು ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕೆಲಸವು ಆರಂಭವಾಯಿತು. ಪ್ರತಿ ಮಾಡಿದವರಲ್ಲಿ ಒಬ್ಬರು ಗುಟ್ಟಾಗಿ ತಮಗೊಂದು ಪ್ರತಿಯನ್ನು ಬರೆದುಕೊಂಡರು. ಗ್ರಂಥವು ಉತ್ತರ ಭಾರತದ ಪಂಡಿತರಿಗೆ ತಲುಪಿದುದು ಆ ದಾರಿಯಿಂದ. 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟವು ಅಚ್ಚಾಯಿತು. ಇಲ್ಲಿ ಯಾರನ್ನು ಹೊಗಳೋಣ, ಯಾರನ್ನು ತೆಗಳೋಣ? ಕಾವಲಿಲ್ಲದಿದ್ದರೆ ಗ್ರಂಥವೇ ಉಳಿಯುತ್ತಿರಲಿಲ್ಲ. ಕಾವಲನ್ನು ಮೀರದಿದ್ದರೆ ಅದು ಇದ್ದೂ ಇಲ್ಲದಂತೆಯೇ ಇರುತ್ತಿತ್ತು. ಪ್ರಪಂಚದಲ್ಲಿ ಒಂದೇ ಪ್ರತಿಯಿರುವ ಗ್ರಂಥಕ್ಕೆ ಒಂದು ನ್ಯಾಯ, ಅಂಗಡಿಯಲ್ಲಿ ಮತ್ತೆ ಸಿಕ್ಕುವ ಪುಸ್ತಕಕ್ಕೆ ಇನ್ನೊಂದು ನ್ಯಾಯ ಎಂಬುದಷ್ಟು ಇದರಿಂದ ಸ್ಪಷ್ಟವಾಗುತ್ತದೆ. ನಮ್ಮ ಗ್ರಂಥಾಲಯಗಳ ದೋಷವೇನೆಂದರೆ ನೂರೈವತ್ತು ರೂಪಾಯಿಯ ಕಾದಂಬರಿಗೂ ಧವಲೆಯ ಕಾವಲನ್ನು ಹಾಕಿರುವುದು.

ಇನ್ನು ನನ್ನ ಸಂಗತಿ. ಕೆಲವು ವರ್ಷಗಳ ಹಿಂದೆ ಒಂದು ಊರಿನ ಗ್ರಂಥಾಲಯದ ಆಡಳಿತ ಸಮಿತಿಯಲ್ಲಿ ನಾನೂ ಒಬ್ಬನಾಗಿದ್ದೆನು. ಊರು ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಅಲ್ಲಿಯ ಗ್ರಂಥಪಾಲಕರನ್ನು ಊರವರೆಲ್ಲ ಲೈಬ್ರರಿ ಮೇಷ್ಟ್ರೆಂದೇ ಕರೆಯುತ್ತಿದ್ದರು. ಸಮಿತಿಯು ಕೊಡುತ್ತಿದ್ದ ಅಲ್ಪ ಗೌರವಧನದಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದವರು. ಒಂದು ಸಲ ಸಪ್ತಾಹದ ಸಮಾರಂಭದಲ್ಲಿ ನಾನು ಭಾಷಣ ಮಾಡಿದೆನು. ಮೇಲೆ ಹೇಳಿದ ಸರಪಳಿಯ ಕಥೆ, ಬ್ರೌನನ ಕಥೆ, ಎಲ್ಲವನ್ನೂ ಹೇಳಿ, ಬೀಗಗಳನ್ನು ಕೆರೆಗೆ ಎಸೆಯಿರಿ ಎಂದು ಮುಗಿಸಿದೆನು. ಬಹಳ ಚಪ್ಪಾಳೆಯಾಯಿತು. ಜನ ಚೆದರಿದ ಮೇಲೆ ಮೇಷ್ಟ್ರು ಬಳಿಗೆ ಬಂದು ಮೆಲ್ಲನೆ, “ತೆಗೆಯುವುದಕ್ಕೆ ನನ್ನದೇನೂ ಅಡ್ಡಿಯಿಲ್ಲ ಸ್ವಾಮಿ. ಹೋದರೆ ಯಾರು ಕೊಡುವುದು?” ಎಂದು ಕೇಳಿದರು. “ಸಮಿತಿಯಿದೆಯಲ್ಲ ಮೇಷ್ಟ್ರೇ, ನಾವೆಲ್ಲ ಇದ್ದೇವಲ್ಲ,” ಎಂದೆನು. ಬರೆದುಕೊಟ್ಟಿರಲಿಲ್ಲ, ಅವರು ಕೇಳಲೂ ಇಲ್ಲ.

ಅವರು ಬೀರುಗಳನ್ನು ತೆರೆದರು. ಮಕ್ಕಳ ಪುಸ್ತಕಗಳನ್ನು ಮಕ್ಕಳ ಕೈಗೆಟುಕುವ ಕೆಳಗಿನ ಸಾಲಿಗೆ ಇಳಿಸಿದರು. ಎರಡು ವರ್ಷಗಳಲ್ಲಿ ಸುಮಾರು 6,000 ಸಲ ಪುಸ್ತಕಗಳು ಹೊರಗೆ ಹೋಗಿಬಂದುವು. ಹಿಂದೆ ಅದರ ಅರ್ಧವೂ ಇರಲಿಲ್ಲ. ಆಮೇಲೆ ದಾಸ್ತಾನಿನ ಪರಿಶೀಲನೆಯಾಯಿತು. ರಿಜಿಸ್ಟರಿನೊಡನೆ ಒಂದೊಂದನ್ನೂ ತಾಳೆ ನೋಡಿದಾಗ 14 ಪುಸ್ತಕಗಳು ಇರಲಿಲ್ಲ. ಸಮಿತಿಯ ಸಭೆಯಲ್ಲಿ ವಿಷಯವು ಬಂದಿತು. ಯಾರ ವಶದಲ್ಲಿ ಸೊತ್ತಿತ್ತೋ ಅವರೇ ಹೊಣೆಯೆಂದು ಬಹುಹಿಂದಿನ ಒಂದು ನಿಯಮವನ್ನು ಓದಲಾಯಿತು. ಬೆಲೆಯನ್ನು ಆರು ತಿಂಗಳಲ್ಲಿ ಗೌರವಧನದಿಂದ ಹಿಡಿಯುವುದೆಂದು ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು. ಯಾರದಾದರೂ ಆಕ್ಷೇಪಣೆಯುಂಟೇ ಎಂದು ಅಧ್ಯಕ್ಷರು ಕೇಳಿದರು. ಮೇಷ್ಟ್ರು ಬಾಗಿಲ ಬಳಿ ನಿಂತಿದ್ದರು. ನನ್ನ ಕಡೆಗೆ ನೋಡಲಿಲ್ಲ. ನಾನು ಏನನ್ನೂ ಹೇಳಲಿಲ್ಲ. ಹೇಳದಿದ್ದುದಕ್ಕೆ ಕಾರಣವನ್ನು ಆಮೇಲೆ ಬಹಳ ಸಲ ಹುಡುಕಿದ್ದೇನೆ. ಭಯವಿರಲಿಲ್ಲ, ದ್ವೇಷವಿರಲಿಲ್ಲ. ಕಾಫಿ ಬಂದಿತ್ತು, ಕಾರ್ಯಸೂಚಿಯಲ್ಲಿ ಇನ್ನೂ ನಾಲ್ಕು ವಿಷಯಗಳಿದ್ದವು, ಸ್ನೇಹಿತರ ನಡುವೆ ಮಾತು ಬೆಳೆಸುವುದು ಬೇಡವೆನಿಸಿತು. ಅಷ್ಟೇ. ದೊಡ್ಡ ಪಾಪಕ್ಕೆ ದೊಡ್ಡ ಕಾರಣ ಬೇಕೆಂದು ನಾವು ಓದಿದ ನಾಟಕಗಳು ಹೇಳುತ್ತವೆ, ಸಮಿತಿಗಳಲ್ಲಿ ಬೇಕಾಗುವುದಿಲ್ಲ.

ಪುಸ್ತಕಗಳನ್ನು ಒಯ್ದವರು ಯಾರು? ಬಡವರ ಮಕ್ಕಳೆಂದು ಸಭೆಯಲ್ಲಿ ಒಬ್ಬರು ಊಹಿಸಿದರು. ತೆರೆದ ಬೀರುವಿನ ಫಲವಿದು ಎಂದರು. ಹದಿನಾಲ್ಕರಲ್ಲಿ ಒಂಬತ್ತು ಎಲ್ಲಿವೆಯೆಂಬುದು ಮೇಷ್ಟ್ರಿಗೆ ಗೊತ್ತಿತ್ತೆಂದು ನನಗೆ ಬಹಳ ದಿನಗಳ ಮೇಲೆ ತಿಳಿಯಿತು. ಅವುಗಳಲ್ಲಿ ಒಂದೂ ಮಕ್ಕಳ ಪುಸ್ತಕವಲ್ಲ. ಅವನ್ನು ಒಯ್ದವರು ಊರಿನ ಗಣ್ಯರು: ಒಬ್ಬರು ವಕೀಲರು, ಇಬ್ಬರು ಅಧ್ಯಾಪಕರು, ಹೀಗೆ. “ಬರೆದುಕೊಳ್ಳಿ ಮೇಷ್ಟ್ರೇ,” ಎಂದು ಹೇಳುವ ತೊಂದರೆಯನ್ನು ತೆಗೆದುಕೊಳ್ಳದೆ, ಕಂಕುಳಲ್ಲಿ ಇಟ್ಟುಕೊಂಡು, ನಗುತ್ತ ಹೊರಟವರು. ಅವರಿಗೆ ರುಜು ಹಾಕಿ ಎಂದು ಹೇಳುವ ಧೈರ್ಯವು ಗೌರವಧನದ ಮೇಲಿರುವವನಿಗೆ ಎಲ್ಲಿಂದ ಬರಬೇಕು? ಹುಡುಗರ ಹೆಸರಾದರೋ ಪ್ರತಿಯೊಂದೂ ಪುಸ್ತಕದಲ್ಲಿ ದಾಖಲಾಗಿತ್ತು. ಈ ಮಾಸಿಕವು ಹೋಗುವ ಮನೆಗಳಲ್ಲಿ ಬೇರೊಂದು ಸಂಸ್ಥೆಯ ಮುದ್ರೆಯಿರುವ ಪುಸ್ತಕವು ಒಂದಾದರೂ ಇಲ್ಲದ ಮನೆಗಳು ಎಷ್ಟಿವೆಯೋ ನಾನರಿಯೆ. ಎದ್ದು ನೋಡಬಹುದು.

ಇಲ್ಲಿ ಎರಡು ತಪ್ಪುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಪುಸ್ತಕವನ್ನು ಹಿಂದಕ್ಕೆ ಕೊಡದಿರುವುದು ಒಂದು ತಪ್ಪು. ಅದು ಹಳೆಯದು, ಎಲ್ಲರೂ ಬಲ್ಲುದು. ನಂಬಿಕೆಯನ್ನು ಉಪದೇಶಿಸುವವನು ಒಬ್ಬನಾಗಿ, ನಂಬಿಕೆಯ ನಷ್ಟವನ್ನು ತೆರುವವನು ಇನ್ನೊಬ್ಬನಾಗುವುದು ಎರಡನೆಯದು. ಇದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ. ಇದು ಉದಾರಗುಣದ ವೇಷದಲ್ಲಿ ಬರುತ್ತದೆಯಾದ್ದರಿಂದ ಗುರುತು ಸಿಕ್ಕುವುದೂ ಕಷ್ಟ. ಸಾರ್ವಜನಿಕ ಸಂಸ್ಥೆಯು ಜನರನ್ನು ನಂಬಬೇಕೆಂಬುದು ಸರಿ. ಆದರೆ ಸಂಸ್ಥೆಗೆ ಕೈಕಾಲಿಲ್ಲ. ನಂಬುವ ಕೆಲಸವನ್ನು ಮೇಜಿನ ಹಿಂದೆ ಕುಳಿತ ಒಬ್ಬ ಮನುಷ್ಯನು ಮಾಡಬೇಕು. ನಂಬಿದ್ದಕ್ಕೆ ಅವನನ್ನು ದಂಡಿಸಿದರೆ ಅವನು ಮುಂದೆ ನಂಬುವುದಿಲ್ಲ. ನಂಬದವನನ್ನು ಯಾವ ತಪಾಸಣೆಗಾರನೂ ದಂಡಿಸುವುದಿಲ್ಲ. ಹೀಗಿರುವಲ್ಲಿ ಬೀಗ ಹಾಕುವುದು ಗ್ರಂಥಪಾಲಕನ ಕ್ಷುದ್ರತೆಯೆಂದು ಆಡಿಕೊಳ್ಳುವುದು ಅನ್ಯಾಯ. ನಾವು ಬರೆದ ನಿಯಮಕ್ಕೆ ಅವನು ಕೊಡುವ ಉತ್ತರವದು.

ಆಶ್ಚರ್ಯವೆಂದರೆ, ಇದಕ್ಕೆ ಪರಿಹಾರವು ಯಾವ ಧರ್ಮಗ್ರಂಥದಲ್ಲಿಯೂ ಅಲ್ಲ, ಕೇಂದ್ರ ಸರ್ಕಾರದ ಹಣಕಾಸಿನ ನಿಯಮಾವಳಿಯಲ್ಲಿ ನನಗೆ ಸಿಕ್ಕಿತು. 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯಗಳಿಗೆ ಸಂಬಂಧಿಸಿದ್ದು. 2005ರ ನಿಯಮಗಳಲ್ಲಿಯೂ ಇದೇ ವಿಧಿಯಿತ್ತು. ಒಂದು ವರ್ಷದಲ್ಲಿ ಎರವಲು ಕೊಟ್ಟ ಅಥವಾ ಅಲ್ಲಿಯೇ ಓದಲು ತೆಗೆದ ಪ್ರತಿ 1,000 ಪುಸ್ತಕಗಳಿಗೆ 5ರಂತೆ ಆಗುವ ನಷ್ಟವನ್ನು, ಅಪ್ರಾಮಾಣಿಕತೆಯಿಂದಲೋ ಅಲಕ್ಷ್ಯದಿಂದಲೋ ಆದುದಲ್ಲವಾದರೆ, ಸಹಜವೆಂದು ಭಾವಿಸಬಹುದೆಂದು ಅದು ಹೇಳುತ್ತದೆ. 1,000 ರೂಪಾಯಿಗೆ ಮೀರಿದ ಬೆಲೆಯ ಪುಸ್ತಕವೂ, ಬೆಲೆ ಏನೇ ಇರಲಿ ಅಪೂರ್ವವಾದ ಗ್ರಂಥವೂ ಕಳೆದರೆ ವಿಚಾರಣೆ ನಡೆಯಲೇಬೇಕು. ಮೂಡುಬಿದಿರೆಯ ನ್ಯಾಯವನ್ನೂ ಕಾದಂಬರಿಯ ನ್ಯಾಯವನ್ನೂ ಬೇರೆ ಮಾಡಿದಂತಾಯಿತು. ಆದರೆ ನಾನು ನಿಂತು ಮತ್ತೆ ಓದಿದುದು ಮೊದಲ ವಾಕ್ಯವನ್ನು. ಸಾವಿರಕ್ಕೆ ಐದು ಎಂಬುದು ಬೀರುವಿನಲ್ಲಿರುವ ಸಾವಿರಕ್ಕಲ್ಲ, ಕೈಗೆ ಬಂದ ಸಾವಿರಕ್ಕೆ. ಒಂದು ಪುಸ್ತಕವನ್ನೂ ಕೊಡದ ಗ್ರಂಥಾಲಯಕ್ಕೆ ಒಂದು ಪುಸ್ತಕದ ನಷ್ಟವೂ ಕ್ಷಮ್ಯವಲ್ಲ. ಹೆಚ್ಚು ಕೊಟ್ಟಷ್ಟೂ ಹೆಚ್ಚು ಕಳೆದುಕೊಳ್ಳುವ ಅಧಿಕಾರವುಂಟು. ಕಚೇರಿಯ ಭಾಷೆಯಲ್ಲಿ ಇಷ್ಟು ಸೂಕ್ಷ್ಮವಾದ ಧರ್ಮವನ್ನು ಬರೆದ ಅಧಿಕಾರಿಯು ಯಾರೋ, ಅವರಿಗೆ ನಮಸ್ಕಾರ. ಮೇಷ್ಟ್ರ 6,000ಕ್ಕೆ ಈ ಲೆಕ್ಕದಂತೆ 30 ಪುಸ್ತಕಗಳು ಹೋಗಬಹುದಾಗಿತ್ತು. ಹೋದುವು 14. ಆ ನಿಯಮವು ಕೇಂದ್ರ ಸರ್ಕಾರದ ಗ್ರಂಥಾಲಯಗಳಿಗೆ ಮಾಡಿದ್ದು, ನಮ್ಮ ಸಮಿತಿಯನ್ನು ಕಟ್ಟಿಹಾಕುವುದಿಲ್ಲವೆಂಬುದು ನಿಜ. ಓದಿ ಅನುಸರಿಸುವುದಕ್ಕೆ ಅಡ್ಡಿಯೂ ಇರಲಿಲ್ಲ.

ಇದಕ್ಕೆ ಒಂದು ಆಕ್ಷೇಪಣೆಯುಂಟು, ಅದು ಹಗುರವಾದುದಲ್ಲ. ಕಳೆದುಹೋದ ಪುಸ್ತಕವು ಸರ್ಕಾರದ್ದೂ ಅಲ್ಲ, ಸಮಿತಿಯದೂ ಅಲ್ಲ. ನಾಳೆ ಬರಲಿರುವ ಓದುಗನದು. ಇನ್ನೂ ಬಾರದವನಿಗೆ ಸಭೆಯಲ್ಲಿ ಸ್ಥಾನವಿಲ್ಲ. ಅವನ ಪರವಾಗಿ ನಿಂತಿರುವವನು ಕಾವಲುಗಾರನೊಬ್ಬನೇ. ಇಂದಿನ ಐವರಿಗೆ ಔದಾರ್ಯ ತೋರಿಸುವುದಕ್ಕಾಗಿ ನಾಳೆಯವನ ಸೊತ್ತನ್ನು ಬಿಟ್ಟುಕೊಡಲು ನಮಗೇನು ಹಕ್ಕು? ಈ ಮಾತಿಗೆ ನನ್ನಲ್ಲಿ ಪೂರ್ತಿಯಾದ ಉತ್ತರವಿಲ್ಲ. ಊರಿನ ಚರಿತ್ರೆಯ ಕಾಗದಪತ್ರ, ನಿಂತುಹೋದ ಪತ್ರಿಕೆಗಳ ಸಂಪುಟ, ಮತ್ತೆ ಅಚ್ಚಾಗದ ಪುಸ್ತಕ, ಇವಕ್ಕೆ ಬೀಗ ಬೇಕೆಂದೇ ಹೇಳುವೆನು. ಉಳಿದವುಗಳ ವಿಷಯದಲ್ಲಿ ಮಾತ್ರ, ನಾಳೆಯ ಓದುಗನು ಎಲ್ಲಿಂದ ಬರುತ್ತಾನೆಂದು ಕೇಳಬೇಕು. ಇಂದು ಸಾಲುಗಳ ನಡುವೆ ಅಲೆದಾಡಿದ ಮಗುವಿನಿಂದಲ್ಲದೆ ಅವನು ಬೇರೆಲ್ಲಿಂದಲೂ ಬರಲಾರನು.

ಈ ಪ್ರಶ್ನೆಯು ಈಗ ಹಳ್ಳಿಗಳಲ್ಲಿ ಇನ್ನೂ ತೀಕ್ಷ್ಣವಾಗಿದೆ. 1910ರ ಸುಮಾರಿನಲ್ಲಿ ಬರೋಡೆಯ ಸಯಾಜಿರಾವ್ ಮಹಾರಾಜರು ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕನನ್ನು ಕರೆಯಿಸಿ, ಹಳ್ಳಿಹಳ್ಳಿಗೂ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ಕಳುಹಿಸುವ ಏರ್ಪಾಡು ಮಾಡಿಸಿದರು. 1931ರಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯ ಸುತ್ತಮುತ್ತ ಪುಸ್ತಕಗಳು ಎತ್ತಿನ ಗಾಡಿಯಲ್ಲಿ ಸಂಚರಿಸಿದುವು. ನಮ್ಮಲ್ಲಿ 2020ರಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಿಂದ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಹಣವಿಲ್ಲದೆ ಸದಸ್ಯತ್ವವನ್ನು ಕೊಡುವ ಕಾರ್ಯವು ಆರಂಭವಾಯಿತು. ಹಣವಿಲ್ಲದೆ, ಎಂದರೆ ಮಗುವಿನ ಮುಖವನ್ನೇ ಜಾಮೀನಾಗಿ ಇಟ್ಟುಕೊಂಡು. ಮಗು ಪುಸ್ತಕವನ್ನು ಒಯ್ದು ಮಳೆಯಲ್ಲಿ ನೆನೆಸುತ್ತದೆ, ತಮ್ಮನು ಹಾಳೆ ಹರಿಯುತ್ತಾನೆ, ಆಡು ತಿನ್ನುತ್ತದೆ. ಇದು ದುರುಪಯೋಗವಲ್ಲ, ಪುಸ್ತಕವಿಲ್ಲದ ಮನೆಗೆ ಪುಸ್ತಕವು ಮೊದಲು ಪ್ರವೇಶಿಸುವ ಬಗೆಯೇ ಹೀಗೆ. ಆ ಹಾಳೆಯ ಬೆಲೆಯನ್ನು ಅಲ್ಲಿಯ ಮೇಲ್ವಿಚಾರಕರು ತಮ್ಮ ಗಂಟಿನಿಂದ ಕೊಡಬೇಕಾದೀತೆಂಬ ಸಂಶಯವು ಅವರ ಮನಸ್ಸಿನಲ್ಲಿ ಸ್ವಲ್ಪ ಹುಟ್ಟಿದರೂ ಸಾಕು, ಪುಸ್ತಕಗಳೆಲ್ಲ ಹೊಸದಾಗಿಯೇ ಉಳಿದುಬಿಡುತ್ತವೆ.

ಒಂಬತ್ತು ಪುಸ್ತಕಗಳ ಮಾತನ್ನು ಹೇಳಿದೆನಷ್ಟೆ. ಅವುಗಳಲ್ಲಿ ಒಂದು ನನ್ನ ಮನೆಯಲ್ಲಿತ್ತು. ಆ ಸಭೆಯಾಗಿ ಮೂರು ವರ್ಷಗಳ ಮೇಲೆ, ಮನೆಗೆ ಸುಣ್ಣ ಹೊಡೆಯಿಸುವಾಗ ಕಪಾಟನ್ನು ಇಳಿಸಿದೆವು. ಹಿಂದಿನ ಸಾಲಿನಿಂದ ಅದು ಹೊರಬಿತ್ತು. ಸಪ್ತಾಹದ ಭಾಷಣವನ್ನು ಸಿದ್ಧಪಡಿಸುವುದಕ್ಕೆಂದು ನಾನೇ ತಂದದ್ದು, ಬರೆಯಿಸದೆ. ಮೇಷ್ಟ್ರು ಅಷ್ಟರಲ್ಲಿ ಕೆಲಸವನ್ನು ಬಿಟ್ಟಿದ್ದರು. ಪುಸ್ತಕವನ್ನೂ, ಹದಿನಾಲ್ಕು ಪುಸ್ತಕಗಳ ಬೆಲೆಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಅವರ ಮನೆಗೆ ಹೋದೆನು. ಜಗುಲಿಯ ಮೇಲೆ ಚಾಪೆ ಹಾಕಿಸಿ ಕೂರಿಸಿದರು. ಹೇಳಬೇಕೆಂದು ದಾರಿಯಲ್ಲಿ ಕಟ್ಟಿಕೊಂಡಿದ್ದ ಮಾತು ಅರ್ಧಕ್ಕೇ ನಿಂತಿತು.

“ಅದು ತಮ್ಮಲ್ಲಿದೆಯೆಂದು ಗೊತ್ತಿತ್ತು ಸ್ವಾಮಿ,” ಎಂದರು. “ಭಾಷಣಕ್ಕೆ ಬೇಕೆಂದು ಒಯ್ದಿರಿ.”

ಹಣವನ್ನು ಮುಟ್ಟಲಿಲ್ಲ. ಪುಸ್ತಕವನ್ನು ಮಾತ್ರ ಕೈಗೆ ತೆಗೆದುಕೊಂಡು, ಹಾಳೆಗಳನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ, ಒಳಗಿನ ಮುದ್ರೆಯಿರುವ ಪುಟವನ್ನು ತೆರೆದು ನೋಡಿ, ನನಗೆ ಹಿಂದಕ್ಕೆ ಕೊಟ್ಟರು.

“ಬೆಲೆ ತೆತ್ತವರು ನೀವು. ನ್ಯಾಯವಾಗಿ ಇದು ನಿಮ್ಮದೇ ಅಲ್ಲವೆ ಮೇಷ್ಟ್ರೇ?” ಎಂದೆನು.

“ಮುದ್ರೆ ಲೈಬ್ರರಿಯದು ಇದೆಯಲ್ಲ,” ಎಂದರು. “ಹೊಸಬರ ಹತ್ತಿರ ಕೊಡಿ. ರಿಜಿಸ್ಟರಿನಲ್ಲಿ ವಜಾ ಎಂದು ಬರೆದಾಗಿದೆ. ಅದನ್ನು ಹೊಡೆದುಹಾಕಿಸಿ, ಪಕ್ಕದಲ್ಲಿ ದಿನಾಂಕ ಹಾಕಿಸಿ. ಇಲ್ಲವಾದರೆ ಮುಂದಿನ ತಪಾಸಣೆಯಲ್ಲಿ ಒಂದು ಪುಸ್ತಕ ಹೆಚ್ಚಾಗಿ ಬಂದು ಅವರಿಗೆ ತೊಂದರೆಯಾದೀತು.”

ಮರುದಿನ ಹಾಗೆಯೇ ಮಾಡಿಸಿ ಬಂದೆನು. ಸಾವಿರಕ್ಕೆ ಐದರ ನಿಯಮವನ್ನು ನಮ್ಮ ಗ್ರಂಥಾಲಯಕ್ಕೂ ಅಳವಡಿಸಬೇಕೆಂಬ ನನ್ನ ಸೂಚನೆಯನ್ನು ಸಮಿತಿಯು ಎರಡು ಸಲ ಮುಂದಿನ ಸಭೆಗೆ ಇಟ್ಟುಕೊಂಡಿದೆ.